ಮಾಲೀಕರ ಕಟ್ಟಡ ಕೆಲಸ, ನಮ್ಮ ಬಾಡಿಗೆ ಮನೆ, ಮನೆಗೆ ಬಂದ ನೆಂಟರು: ಜವಾಬ್ದಾರಿ ಯಾರದು?

(ಸ್ವಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ನೀಡಿದ ಮಾಹಿತಿ ಭಾಷಣದ ಬರಹ ರೂಪ)



ಉಳಿತಾಯ, ಸಾಲ, ಬಡ್ಡಿ ಲೆಕ್ಕ, ಪುಸ್ತಕ ಬರೆಯುವುದು ಇವನ್ನೆಲ್ಲ ನಾವು ಹಿಂದಿನ ಸಭೆಗಳಲ್ಲಿ ಮಾತಾಡಿದ್ದೇವೆ. ಇವತ್ತು ಬೇರೆ ವಿಷಯ. ನಮ್ಮ ಸದಸ್ಯೆಯರಲ್ಲಿ ಬಾಡಿಗೆ ಮನೆಯಲ್ಲಿ ಇರುವವರು ಎಷ್ಟೋ ಜನ. ವಠಾರದ ಮನೆ, ಮಾಲೀಕರ ಮನೆಯ ಹಿಂದಿನ ಒಂದು ಕೋಣೆ, ಮಹಡಿ ಕೆಳಗಿನ ಮನೆ, ಹೊಲಿಗೆ ಯಂತ್ರ ಇಟ್ಟುಕೊಂಡ ಸಣ್ಣ ಅಂಗಡಿ. ಮಳೆಗಾಲ ಮುಗಿದ ಕೂಡಲೇ ಮಾಲೀಕರು ಮೇಲೆ ಒಂದು ಅಂತಸ್ತು ಎತ್ತೋಣ, ಮುಂದೆ ಎರಡು ಅಂಗಡಿ ಹಾಕೋಣ ಅಂತ ಕೆಲಸ ಶುರು ಮಾಡ್ತಾರೆ. ಜಲ್ಲಿ, ಮರಳು, ಕಂಬಿ ಬಂದು ಅಂಗಳದಲ್ಲಿ ಬೀಳುತ್ತದೆ. ಮೆಟ್ಟಿಲಿನ ಕೈಪಿಡಿ ಕಿತ್ತು ಹಾಕ್ತಾರೆ. ಸಂಪಿನ ಮುಚ್ಚಳ ತೆಗೆದೇ ಇರುತ್ತದೆ. ಆ ಮನೆಯಲ್ಲಿ ನಾವಿರ್ತೇವೆ, ನಮ್ಮ ಮಕ್ಕಳಿರ್ತಾರೆ, ನಮ್ಮನ್ನು ನೋಡಲು ಬರುವವರೂ ಇರ್ತಾರೆ.

ಬರುವವರು ಯಾರು? ಊರಿಂದ ಬಂದ ಅತ್ತೆ ಮಾವ. ಬಾಣಂತನಕ್ಕೆ ಬಂದ ಮಗಳು. ಬಟ್ಟೆ ಹೊಲಿಸಲು ಬಂದ ಗಿರಾಕಿ. ಇನ್ನೊಂದು ಮುಖ್ಯ ಗುಂಪು ಇದೆ: ವಾರಕ್ಕೊಮ್ಮೆ ಸಂಘದ ಸಭೆಗೆ ಬಂದು ಜಗಲಿಯಲ್ಲಿ ಕೂರುವ ಹದಿನೈದು ಇಪ್ಪತ್ತು ಹೆಂಗಸರು. ಅಂದರೆ ನಾವೇ. ಅವರಲ್ಲಿ ಒಬ್ಬರಿಗೆ ಪೆಟ್ಟಾದರೆ ಆಸ್ಪತ್ರೆ ಖರ್ಚು ಯಾರು ಕೊಡಬೇಕು? ಬಾಡಿಗೆಗೆ ಇರುವವಳಾ? ಮಾಲೀಕರಾ? ಮೇಸ್ತ್ರಿಯಾ? ಅಥವಾ “ನಿನ್ನ ಹಣೆಬರಹ” ಅಂತ ಸುಮ್ಮನಾಗಬೇಕಾ? ಇದೇ ಇವತ್ತಿನ ಪ್ರಶ್ನೆ.

ಕಾನೂನು ಏನು ಹೇಳುತ್ತದೆ?

ಬಾಡಿಗೆ ಸಂಬಂಧಕ್ಕೆ ತಳಪಾಯ 1882ರ ಸ್ವತ್ತು ವರ್ಗಾವಣೆ ಕಾಯ್ದೆ. ಅದರ 108ನೇ ಕಲಮಿನಲ್ಲಿ ಮಾಲೀಕರ ಹಕ್ಕು ಬಾಧ್ಯತೆ, ಬಾಡಿಗೆದಾರರ ಹಕ್ಕು ಬಾಧ್ಯತೆ ಎರಡೂ ಇವೆ. ಕರಾರಿನಲ್ಲಿ ಬೇರೆ ಮಾತು ಬರೆಯದೇ ಇದ್ದರೆ ಆ ಕಲಮು ಅನ್ವಯಿಸುತ್ತದೆ. ಅದರಲ್ಲಿ ನಮಗೆ ಬೇಕಾದವು ಮೂರು.

ಒಂದು: ಬಾಡಿಗೆ ಸರಿಯಾಗಿ ಕಟ್ಟಿ, ಕರಾರಿನಂತೆ ನಡೆದುಕೊಳ್ಳುವವರಿಗೆ ಅವಧಿ ಮುಗಿಯುವ ತನಕ ಆ ಮನೆಯನ್ನು ಅಡ್ಡಿಯಿಲ್ಲದೆ ಅನುಭವಿಸುವ ಹಕ್ಕಿದೆ. “ಮನೆ ನಂದು, ಏನು ಬೇಕಾದರೂ ಮಾಡ್ತೀನಿ” ಅನ್ನುವ ಮಾತಿಗೆ ಇಲ್ಲಿ ಮಿತಿ ಇದೆ.

ಎರಡು: ಮಾಲೀಕರು ಮಾಡಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸೂಕ್ತ ಸಮಯದಲ್ಲಿ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ, ಆ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದರೆ “ಮಾಡಲೇಬೇಕಾದ” ಅನ್ನುವ ಮಾತಿನ ಮೇಲೆ ಗಮನ ಇರಲಿ. ಯಾವ ರಿಪೇರಿ ಯಾರದ್ದು ಅಂತ ಕರಾರು ಪತ್ರದಲ್ಲಿ ಬರೆಸಿಕೊಂಡಿದ್ದರೆ ಮಾತ್ರ ಈ ಹಕ್ಕು ಗಟ್ಟಿ. ಬಾಯಿಮಾತಾದರೆ ಜಗಳವೇ ಉಳಿಯುತ್ತದೆ.

ಮೂರು: ಇದು ನಮ್ಮ ಬಾಧ್ಯತೆ. ಮನೆ ನೋಡಲು, ರಿಪೇರಿ ಬೇಕೇ ಅಂತ ಪರೀಕ್ಷಿಸಲು ಮಾಲೀಕರು ಸೂಕ್ತ ಸಮಯದಲ್ಲಿ ಬಂದರೆ ಒಳಗೆ ಬಿಡಬೇಕು. ಅವರ ಒಪ್ಪಿಗೆ ಇಲ್ಲದೆ ನಾವಾಗಿ ಶಾಶ್ವತ ಗೋಡೆ ಕಟ್ಟುವ ಹಾಗಿಲ್ಲ.

ಇನ್ನು ಪೆಟ್ಟಿನ ವಿಷಯ. ಮನೆಗೆ ಬಂದ ನೆಂಟರಿಗೆ ಪೆಟ್ಟಾದರೆ ಅಂತಲೇ ಪ್ರತ್ಯೇಕ ಕಾಯ್ದೆ ನಮ್ಮ ದೇಶದಲ್ಲಿ ಇಲ್ಲ. ಆದರೆ ನಮ್ಮ ಕೋರ್ಟುಗಳು ಬಹಳ ಕಾಲದಿಂದ ಒಪ್ಪಿಕೊಂಡ ಒಂದು ನಿಯಮ ಇದೆ: ನಿಮ್ಮ ಕೆಲಸದಿಂದ ಯಾರಿಗೆ ಅಪಾಯ ಆಗಬಹುದು ಅಂತ ನೀವು ಊಹಿಸಬಲ್ಲಿರೋ ಅವರ ಬಗ್ಗೆ ನೀವು ಎಚ್ಚರ ವಹಿಸಬೇಕು. ಎಚ್ಚರ ತಪ್ಪಿ ಹಾನಿಯಾದರೆ ಪರಿಹಾರ ಕೊಡಬೇಕು. ಬಾಡಿಗೆ ಮನೆಗೆ ನೆಂಟರು ಬರ್ತಾರೆ, ಹಾಲಿನವರು ಬರ್ತಾರೆ, ಪೋಸ್ಟಿನವರು ಬರ್ತಾರೆ ಅನ್ನೋದು ಯಾವ ಮಾಲೀಕರಿಗೆ ಗೊತ್ತಿಲ್ಲ ಹೇಳಿ?

ಇಲ್ಲಿ ಒಂದು ಸಾಮಾನ್ಯ ಗೆರೆ ಎಳೆದುಕೊಳ್ಳಬಹುದು. ನಮ್ಮ ಬಾಗಿಲಿನ ಒಳಗೆ ನಮ್ಮ ಸ್ವಾಧೀನ, ಅಲ್ಲಿಯ ದಿನನಿತ್ಯದ ಎಚ್ಚರ ನಮ್ಮದು. ಮೆಟ್ಟಿಲು, ಓಣಿ, ಅಂಗಳ, ತಾರಸಿ, ಸಂಪು, ನೀರಿನ ಟ್ಯಾಂಕು, ಎಲ್ಲರೂ ಬಳಸುವ ಕಕ್ಕಸು ಇವು ಮಾಲೀಕರ ಹತೋಟಿಯಲ್ಲಿ ಇರುವಂಥವು, ಅವುಗಳ ಸುರಕ್ಷತೆ ಅವರದು. ಮಾಲೀಕರೇ ಶುರು ಮಾಡಿದ ಕೆಲಸದಿಂದ ಅಪಾಯ ಬಂದಿದ್ದರೆ ಅದು ಬಾಗಿಲಿನ ಒಳಗೆ ಬಂದರೂ ಅವರ ಹೊಣೆ. ಮೇಲೆ ಡ್ರಿಲ್ ಹೊಡೆದು ಕೆಳಗೆ ನಮ್ಮ ಅಡುಗೆಮನೆಯ ಗಾರೆ ಉದುರಿದರೆ ಅದಕ್ಕೆ ನಾವು ಹೇಗೆ ಜವಾಬ್ದಾರರು?

ನಡೆದ ಮೂರು ಸಂಗತಿಗಳು

ದೆಹಲಿಯ ಚಾಂದನಿ ಚೌಕದಲ್ಲಿ ಪುರಸಭೆಗೆ ಸೇರಿದ ಗಡಿಯಾರ ಗೋಪುರ ಕುಸಿದು ಜನ ಸತ್ತರು. ಗೋಪುರಕ್ಕೆ ಸುಮಾರು 80 ವರ್ಷ ವಯಸ್ಸಾಗಿತ್ತು. ಅದಕ್ಕೆ ಬಳಸಿದ್ದ ಗಾರೆಯ ಬಾಳಿಕೆ 40–45 ವರ್ಷ ಮಾತ್ರ ಅಂತ ಪರಿಣತರು ಹೇಳಿದರು. ದೋಷ ಹೊರಗೆ ಕಾಣುತ್ತಿರಲಿಲ್ಲ ಅನ್ನುವ ಸಮಜಾಯಿಷಿ ನಡೆಯಲಿಲ್ಲ. ದೋಷ ಕಾಣುವಂಥದ್ದಿರಲಿ, ಒಳಗೆ ಅಡಗಿದ್ದಿರಲಿ, ಜನ ಓಡಾಡುವ ರಸ್ತೆ ಪಕ್ಕದ ಕಟ್ಟಡವನ್ನು ಸುಸ್ಥಿತಿಯಲ್ಲಿ ಇಡುವುದು ಮಾಲೀಕರ ಕರ್ತವ್ಯ ಅಂತ 1966ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಸರಿಯಾಗಿ ನೋಡಿಕೊಂಡ ಕಟ್ಟಡ ತಾನಾಗಿ ಬೀಳೋದಿಲ್ಲ. ಬಿದ್ದದ್ದೇ ಅಜಾಗರೂಕತೆಗೆ ಸಾಕ್ಷಿ. ಇಂಥ ಸಂದರ್ಭದಲ್ಲಿ “ನನ್ನ ತಪ್ಪಿಲ್ಲ” ಅಂತ ತೋರಿಸುವ ಭಾರ ಮಾಲೀಕರ ಮೇಲೆ ಬೀಳುತ್ತದೆ.

ಎರಡನೆಯದು ಮಧ್ಯಪ್ರದೇಶದ್ದು. ಮಳೆಯ ದಿನ ಒಂದು ಮನೆಯ ಗೋಡೆ ಕುಸಿದು ಇಬ್ಬರು ಮಕ್ಕಳು ತೀರಿಕೊಂಡರು. “ಮಳೆ ಬಂತು, ದೇವರ ಇಚ್ಛೆ, ನಾನೇನು ಮಾಡಲಿ?” ಅನ್ನುವುದು ಮಾಲೀಕರ ವಾದ. ಆ ದಿನ ಬಿದ್ದದ್ದು 2.66 ಇಂಚು ಮಳೆ. ಮಳೆಗಾಲದಲ್ಲಿ ಅಷ್ಟು ಮಳೆ ಬರುವುದು ಯಾರೂ ಊಹಿಸದ ಸಂಗತಿಯಲ್ಲ, ಗೋಡೆ ಅದನ್ನು ತಡೆಯುವ ಹಾಗಿರಬೇಕಿತ್ತು ಅಂತ ಹೈಕೋರ್ಟು ಮಾಲೀಕರನ್ನೇ ಹೊಣೆ ಮಾಡಿತು. 1958ರ ಕಾನೂನು ವರದಿಗಳಲ್ಲಿ ಇದು ದಾಖಲಾಗಿದೆ.

ಮೂರನೆಯದು ನಮ್ಮ ರಾಜ್ಯದ್ದೇ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಬಹುಮಹಡಿ ಕಟ್ಟಡ ಕುಸಿಯಿತು. ಮೇಲೆ ಇನ್ನೂ ಕೆಲಸ ನಡೆಯುತ್ತಿತ್ತು, ಕೆಳಗೆ ಆಗಲೇ ಅಂಗಡಿಗಳು ತೆರೆದಿದ್ದವು. 19 ಜನ ಪ್ರಾಣ ಕಳೆದುಕೊಂಡರು. ಮೇಲೆ ಕೆಲಸ, ಕೆಳಗೆ ಜನ. ನಮ್ಮ ಊರುಗಳಲ್ಲೂ ಇದೇ ನಡೀತಾ ಇದೆ ಅಲ್ವಾ?

ಮಾಲೀಕರು ಹೇಳುವ ನಾಲ್ಕು ಮಾತು

“ನಾನು ಮೇಸ್ತ್ರಿಗೆ ಗುತ್ತಿಗೆ ಕೊಟ್ಟಿದ್ದೆ, ಅವನನ್ನೇ ಕೇಳಿ.” ಸ್ವತಂತ್ರ ಗುತ್ತಿಗೆದಾರನ ತಪ್ಪಿಗೆ ಕೆಲಸ ಕೊಟ್ಟವರು ಸಾಮಾನ್ಯವಾಗಿ ಹೊಣೆಯಲ್ಲ ಅನ್ನುವ ನಿಯಮ ಇರುವುದು ನಿಜ. ಆದರೆ ಕೆಲಸವೇ ಅಪಾಯದ್ದಾಗಿದ್ದರೆ, ಮಾಲೀಕರೇ ನಿಂತು ಹೀಗೆ ಮಾಡು ಹಾಗೆ ಮಾಡು ಅಂತ ಮಾಡಿಸಿದ್ದರೆ, ಜನ ಓಡಾಡುವ ದಾರಿಯನ್ನು ಸುರಕ್ಷಿತವಾಗಿ ಇಡುವ ಕರ್ತವ್ಯ ಅವರದೇ ಆಗಿದ್ದರೆ ಈ ಮಾತು ನಿಲ್ಲುವುದಿಲ್ಲ. ನಾವು ಇಬ್ಬರ ಮೇಲೂ ಒಟ್ಟಿಗೆ ದಾವೆ ಹಾಕಬಹುದು. ಯಾರ ಪಾಲು ಎಷ್ಟು ಅಂತ ಕೋರ್ಟು ನೋಡಿಕೊಳ್ಳುತ್ತದೆ.

“ಕರಾರಿನಲ್ಲಿ ಬರೆದಿದೆ, ಏನಾದರೂ ನಾನು ಜವಾಬ್ದಾರನಲ್ಲ ಅಂತ.” ಕರಾರು ರುಜು ಹಾಕಿದವರ ನಡುವಿನದು. ನಮ್ಮ ಅತ್ತೆ, ನಮ್ಮ ಸಂಘದ ಸದಸ್ಯೆ ಅದಕ್ಕೆ ರುಜು ಹಾಕಿದ್ದಾರಾ? ಇಲ್ಲ. ಅವರ ಹಕ್ಕನ್ನು ಆ ಕಾಗದ ಕಿತ್ತುಕೊಳ್ಳಲಾರದು. ಕ್ರಿಮಿನಲ್ ಕಾನೂನನ್ನಂತೂ ಯಾವ ಕರಾರೂ ತಡೆಯಲಾರದು.

“ಬಂದವರು ನೋಡ್ಕೊಂಡು ನಡೀಬೇಕಿತ್ತು.” ಈ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಅದನ್ನು ನಾವು ಒಪ್ಪಿಕೊಳ್ಳೋಣ. ಹಗ್ಗ ಕಟ್ಟಿ, ಬೋರ್ಡು ಹಾಕಿ, “ಈ ಕಡೆ ಬರಬೇಡಿ” ಅಂತ ಹೇಳಿದ ಮೇಲೂ ಹೋಗಿ ಬಿದ್ದರೆ, ಬಿದ್ದವರದ್ದೂ ತಪ್ಪಿದೆ ಅಂತ ಕೋರ್ಟು ಪರಿಹಾರವನ್ನು ಕಡಿಮೆ ಮಾಡಬಹುದು. ಆದರೆ ದೀಪ ಇಲ್ಲದ ಮೆಟ್ಟಿಲಲ್ಲಿ ಕೈಪಿಡಿಯೂ ಇಲ್ಲದೆ ರಾತ್ರಿ ಇಳಿದ ಮುದುಕಿಗೆ “ನೋಡ್ಕೊಂಡು ನಡಿ” ಅನ್ನೋದು ನ್ಯಾಯವಲ್ಲ. ಮಕ್ಕಳ ವಿಷಯದಲ್ಲಂತೂ ಇನ್ನೂ ಹೆಚ್ಚಿನ ಎಚ್ಚರ ಬೇಕು. ಮರಳಿನ ಗುಡ್ಡೆ ಕಂಡರೆ ಮಗು ಆಡಲು ಹೋಗಿಯೇ ಹೋಗುತ್ತದೆ.

“ಇಷ್ಟವಿಲ್ಲದಿದ್ದರೆ ಮನೆ ಖಾಲಿ ಮಾಡಿ.” ಇದು ನಮ್ಮನ್ನು ಹೆದರಿಸುವ ಮಾತು. ತಿಂಗಳ ಬಾಡಿಗೆಯ ಮನೆಯಾದರೂ ಕನಿಷ್ಠ 15 ದಿನದ ಲಿಖಿತ ನೋಟೀಸು ಬೇಕು. ನೋಟೀಸಿನ ಅವಧಿ ಮುಗಿದರೂ ಸಾಮಾನು ಎತ್ತಿ ಹೊರಗೆ ಹಾಕುವ ಹಾಗಿಲ್ಲ, ಕೋರ್ಟಿನ ಮೂಲಕವೇ ಬಿಡಿಸಬೇಕು. ಬಲವಂತವಾಗಿ ಹೊರಹಾಕಿದರೆ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಂತೆ 6 ತಿಂಗಳ ಒಳಗೆ ದಾವೆ ಹಾಕಿ ಸ್ವಾಧೀನ ವಾಪಸು ಕೇಳಬಹುದು. 1999ರ ಕರ್ನಾಟಕ ಬಾಡಿಗೆ ಕಾಯ್ದೆ 2001ರ ಡಿಸೆಂಬರ್ 31ರಿಂದ ಜಾರಿಗೆ ಬಂತು. ಅದು ಕಡಿಮೆ ಬಾಡಿಗೆಯ ಮನೆಗಳಿಗೆ ಇನ್ನೂ ಹೆಚ್ಚಿನ ರಕ್ಷಣೆ ಕೊಡುತ್ತದೆ. ಆದರೆ ಅದರಲ್ಲಿ ಊರು ಮತ್ತು ಬಾಡಿಗೆ ಮೊತ್ತದ ಮಿತಿ ಇರುವುದರಿಂದ ಇಂದಿನ ಅನೇಕ ಮನೆಗಳು ಅದರ ಹೊರಗೆ ಉಳಿಯುತ್ತವೆ. ನಿಮ್ಮ ಮನೆಗೆ ಯಾವುದು ಅನ್ವಯ ಅಂತ ವಕೀಲರಲ್ಲಿ ಕೇಳಿಯೇ ಮುಂದುವರಿಯಿರಿ.

ಪೊಲೀಸರ ಪಾತ್ರ

ಪರಿಹಾರ ಬೇರೆ, ಶಿಕ್ಷೆ ಬೇರೆ. 2024ರ ಜುಲೈ 1ರಿಂದ ಹಳೆಯ ಭಾರತೀಯ ದಂಡ ಸಂಹಿತೆಯ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಅದರ 290ನೇ ಕಲಮು ನಮ್ಮ ವಿಷಯಕ್ಕೇ ಇದೆ: ಕಟ್ಟಡ ಕೆಡವುವಾಗ, ರಿಪೇರಿ ಮಾಡುವಾಗ, ಕಟ್ಟುವಾಗ ಅದು ಬಿದ್ದು ಜನರ ಪ್ರಾಣಕ್ಕೆ ಅಪಾಯ ಆಗದಂತೆ ಸಾಕಷ್ಟು ಕ್ರಮ ಕೈಗೊಳ್ಳದಿದ್ದರೆ 6 ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಇದಕ್ಕೆ ಯಾರಾದರೂ ಬಿದ್ದು ಪೆಟ್ಟಾಗಿರಲೇಬೇಕು ಅಂತಿಲ್ಲ. 125ನೇ ಕಲಮಿನಂತೆ ದುಡುಕಿನಿಂದ ಅಥವಾ ನಿರ್ಲಕ್ಷ್ಯದಿಂದ ಇನ್ನೊಬ್ಬರ ಜೀವಕ್ಕೆ ಅಪಾಯ ತಂದು ತೀವ್ರ ಗಾಯ ಮಾಡಿದರೆ 3 ವರ್ಷದವರೆಗೆ, 106ನೇ ಕಲಮಿನಂತೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 5 ವರ್ಷದವರೆಗೆ ಶಿಕ್ಷೆ ಆಗಬಹುದು.

ಕಟ್ಟಡ ಇಂದೋ ನಾಳೆಯೋ ಬೀಳುವ ಹಾಗಿದ್ದರೆ ಉಪವಿಭಾಗಾಧಿಕಾರಿಗಳಿಗೆ ಅರ್ಜಿ ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ ಅಂಥ ಕಟ್ಟಡವನ್ನು ತೆಗೆಯಲು, ಸರಿಪಡಿಸಲು, ಆಸರೆ ಕೊಡಲು ಆದೇಶಿಸುವ ಅಧಿಕಾರ ಅವರಿಗಿದೆ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಶಬ್ದ ಮಾಡುವ ಕಟ್ಟಡ ಯಂತ್ರ ಓಡಿಸುವ ಹಾಗಿಲ್ಲ, ಅದಕ್ಕೂ ದೂರು ಕೊಡಬಹುದು.

ಕೆಲಸ ಶುರುವಾಗುವ ಮೊದಲು

ಸಹೋದರಿಯರೇ, ಕೋರ್ಟು ಕಚೇರಿ ಕೊನೆಯ ದಾರಿ. ಮಾಲೀಕರಲ್ಲಿ ಎಲ್ಲರೂ ಕೆಟ್ಟವರಲ್ಲ, ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಮೊದಲು ಕೂತು ಮಾತಾಡಿ. ಇವನ್ನು ಕೇಳಿ:

1. ಪಂಚಾಯಿತಿ ಅಥವಾ ನಗರಸಭೆಯ ಪರವಾನಗಿ ಆಗಿದೆಯಾ? ಹಳೆಯ ಗೋಡೆ ಮೇಲಿನ ಭಾರ ತಡೆಯುತ್ತದೆ ಅಂತ ಎಂಜಿನಿಯರು ನೋಡಿದ್ದಾರಾ?

2. ಕೆಲಸ ಎಷ್ಟು ದಿನ? ದಿನದಲ್ಲಿ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ?

3. ನಾವು, ನಮ್ಮ ಮನೆಗೆ ಬರುವವರು ಓಡಾಡಲು ಯಾವ ದಾರಿ? ಮೆಟ್ಟಿಲಿಗೆ ತಾತ್ಕಾಲಿಕ ಕೈಪಿಡಿ, ರಾತ್ರಿ ದೀಪ, ಸಂಪಿಗೆ ಗಟ್ಟಿ ಮುಚ್ಚಳ, ಬಾಗಿಲ ಮೇಲೆ ಏನೂ ಬೀಳದ ಹಾಗೆ ತಡೆ ಹಾಕಿಸ್ತೀರಾ?

4. ಸೆಂಟ್ರಿಂಗ್ ಬಿಚ್ಚುವ ದಿನ, ತಾರಸಿ ಹಾಕುವ ದಿನ ಮುಂಚೆ ತಿಳಿಸ್ತೀರಾ? ಆ ದಿನ ಮಕ್ಕಳನ್ನು ಬೇರೆ ಕಡೆ ಕಳಿಸಬಹುದು.

5. ಒಂದು ಕೋಣೆ ಬಳಸಲಾಗದಿದ್ದರೆ, ನೀರು ನಿಂತರೆ ಬಾಡಿಗೆಯಲ್ಲಿ ಎಷ್ಟು ಬಿಡ್ತೀರಿ?

ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ರುಜು ಹಾಕಿ. ಒಪ್ಪದಿದ್ದರೆ ಈ ರೀತಿ ಪತ್ರ ಬರೆದು ದಾಖಲೆ ಉಳಿಯುವ ಅಂಚೆಯಲ್ಲಿ ಕಳಿಸಿ, ನಕಲು ಇಟ್ಟುಕೊಳ್ಳಿ:

“ಮಾನ್ಯರೇ, ನಾನು ತಮ್ಮ ಮನೆಯ ಕೆಳ ಅಂತಸ್ತಿನಲ್ಲಿ ಬಾಡಿಗೆಗೆ ಇದ್ದೇನೆ. ದಿನಾಂಕ ……ರಿಂದ ಮೇಲೆ ಕಟ್ಟಡ ಕೆಲಸ ನಡೆಯುತ್ತಿದೆ. ಮೆಟ್ಟಿಲಿಗೆ ಕೈಪಿಡಿ ಇಲ್ಲ, ಸಂಪು ತೆರೆದಿದೆ. ಇದರಿಂದ ನನಗೂ, ಮನೆಯವರಿಗೂ, ಮನೆಗೆ ಬರುವವರಿಗೂ ಅಪಾಯ ಇದೆ. ಈ ಪತ್ರ ತಲುಪಿದ …… ದಿನದೊಳಗೆ ಸರಿಪಡಿಸಬೇಕಾಗಿ ಕೋರುತ್ತೇನೆ. ಇಂತಿ.”

ಈ ಪತ್ರಕ್ಕೆ ಬಹಳ ಬೆಲೆ ಇದೆ. ನಾಳೆ “ನನಗೆ ಗೊತ್ತೇ ಇರಲಿಲ್ಲ” ಅಂತ ಮಾಲೀಕರು ಹೇಳಲಾಗದು. ಉತ್ತರ ಬಾರದಿದ್ದರೆ ಪಂಚಾಯಿತಿಯ ಪಿ.ಡಿ.ಓ. ಅಥವಾ ನಗರಸಭೆಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಇನ್ನೊಂದು ಎಚ್ಚರಿಕೆ. ಸಿಟ್ಟಿನಲ್ಲಿ ಬಾಡಿಗೆ ನಿಲ್ಲಿಸಬೇಡಿ. ಬಾಡಿಗೆ ಬಾಕಿ ಆಯಿತು ಅಂದರೆ ನಮ್ಮ ಕಡೆಯ ನ್ಯಾಯವೇ ದುರ್ಬಲವಾಗುತ್ತದೆ, ಖಾಲಿ ಮಾಡಿಸಲು ಅವರಿಗೆ ಕಾರಣ ಸಿಗುತ್ತದೆ. ಕೈಗೆ ತೆಗೆದುಕೊಳ್ಳದಿದ್ದರೆ ಮನಿಯಾರ್ಡರಿನಂಥ ದಾಖಲೆ ಉಳಿಯುವ ದಾರಿಯಲ್ಲಿ ಕಳಿಸಿ. ಅಪಾಯ ಇರುವಷ್ಟು ದಿನ ಸಂಘದ ಸಭೆಯನ್ನು ಬೇರೆಯವರ ಮನೆಯಲ್ಲಿ ಇಟ್ಟುಕೊಳ್ಳಿ. ಮನೆಗೆ ಬರುವವರಿಗೆ ಮುಂಚೆಯೇ ಹೇಳಿ. ಗೊತ್ತಿದ್ದೂ ಹೇಳದಿದ್ದರೆ ಸ್ವಲ್ಪ ಹೊಣೆ ನಮ್ಮ ಮೇಲೂ ಬರಬಹುದು.

ಪೆಟ್ಟು ಆಗಿಯೇ ಹೋದರೆ

ಮೊದಲು ಜೀವ. 108ಕ್ಕೆ ಫೋನು ಮಾಡಿ, ಆಸ್ಪತ್ರೆಗೆ ಸೇರಿಸಿ. ಡಾಕ್ಟರ ಮುಂದೆ “ಜಾರಿ ಬಿದ್ದೆ” ಅಂತ ಸುಮ್ಮನೆ ಹೇಳಬೇಡಿ. ಎಲ್ಲಿ, ಹೇಗೆ, ಯಾವ ಕೆಲಸದ ಕಾರಣ ಬಿದ್ದದ್ದು ಅಂತ ಇದ್ದದ್ದು ಇದ್ದ ಹಾಗೆ ಹೇಳಿ, ಬರೆಸಿ. ಮುಂದೆ ಆ ಕಾಗದವೇ ಸಾಕ್ಷಿ. ಜಾಗವನ್ನು ಸರಿಮಾಡುವ ಮೊದಲೇ ಫೋಟೋ ತೆಗೆಯಿರಿ. ನೋಡಿದವರ ಹೆಸರು ಬರೆದಿಡಿ. 112ಕ್ಕೆ ತಿಳಿಸಿ ಅಥವಾ ಠಾಣೆಗೆ ಹೋಗಿ ದೂರು ಕೊಡಿ. ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ಔಷಧಿ ಚೀಟಿ, ಬಿಲ್ಲು, ಕೂಲಿ ತಪ್ಪಿದ ದಿನಗಳ ಲೆಕ್ಕ ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಡಿ.

ಪರಿಹಾರದ ದಾವೆಗೆ ಕಾಲಮಿತಿ ಇದೆ, ತಡ ಮಾಡಬಾರದು. ಜೀವವೇ ಹೋಗಿದ್ದರೆ 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯಂತೆ ಗಂಡ, ಹೆಂಡತಿ, ತಂದೆ ತಾಯಿ, ಮಕ್ಕಳ ಪರವಾಗಿ ದಾವೆ ಹಾಕಬಹುದು. ಅದಕ್ಕೆ ಮರಣದ ದಿನದಿಂದ 2 ವರ್ಷ ಮಾತ್ರ ಅವಕಾಶ.

“ವಕೀಲರಿಗೆ ಕೊಡಲು ದುಡ್ಡೆಲ್ಲಿ?” ಅಂತ ಕೇಳ್ತೀರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಂತೆ ಹೆಂಗಸರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಇದಕ್ಕೆ ಆದಾಯದ ಮಿತಿ ಇಲ್ಲ. ತಾಲ್ಲೂಕು ಕೋರ್ಟಿನ ಆವರಣದಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ ಅರ್ಜಿ ಕೊಡಿ, ಅಥವಾ 15100ಕ್ಕೆ ಫೋನು ಮಾಡಿ. ಲೋಕ ಅದಾಲತ್ತಿನಲ್ಲಿ ರಾಜಿ ಆಗುವುದೂ ಒಳ್ಳೆಯದೇ. ಆದರೆ ಅಲ್ಲಿ ಒಪ್ಪಿದ ಮೇಲೆ ಅಪೀಲು ಇಲ್ಲ. ಮುಂದಿನ ಚಿಕಿತ್ಸೆಗೆ ಎಷ್ಟು ಬೇಕು ಅಂತ ಲೆಕ್ಕ ಹಾಕಿಯೇ ರುಜು ಮಾಡಿ. ಆಸ್ಪತ್ರೆಯ ಹಾಸಿಗೆ ಪಕ್ಕದಲ್ಲಿ ಎರಡು ಸಾವಿರ ಕೈಗಿಟ್ಟು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಕೇಳುವವರ ಬಗ್ಗೆ ಎಚ್ಚರವಾಗಿರಿ.

ನಾವೇ ಮಾಲೀಕರಾದಾಗ

ಕೊನೆಯದಾಗಿ ಒಂದು ಮಾತು. ಸಂಘದಿಂದ ಸಾಲ ತೆಗೆದು ಮನೆ ಪಕ್ಕ ಒಂದು ಕೋಣೆ ಕಟ್ಟಿ ಬಾಡಿಗೆಗೆ ಕೊಟ್ಟ ಸದಸ್ಯೆಯರೂ ನಮ್ಮಲ್ಲಿದ್ದಾರೆ. ಅದು ಹೆಮ್ಮೆಯ ವಿಷಯ. ಆದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ನಮಗೂ ಅನ್ವಯಿಸುತ್ತದೆ. ಸಾಲದ ಅರ್ಜಿಯಲ್ಲಿ ಸಿಮೆಂಟು, ಇಟ್ಟಿಗೆ, ಕೂಲಿಯ ಲೆಕ್ಕ ಬರೆಯುವಾಗ ಮೆಟ್ಟಿಲ ಕೈಪಿಡಿ, ಸಂಪಿನ ಮುಚ್ಚಳ, ಎಂಜಿನಿಯರ ಫೀಸು ಇವನ್ನೂ ಸೇರಿಸಿ ಬರೆಯೋಣ. ಸಾವಿರ ರೂಪಾಯಿ ಉಳಿಸಲು ಹೋಗಿ ಲಕ್ಷದ ಹೊಣೆ ಹೊತ್ತುಕೊಳ್ಳುವುದು ಬೇಡ. ದುಡ್ಡು ಹೇಗೋ ತೀರಿಸಬಹುದು, ಹೋದ ಜೀವ ತರಲಾಗದು.

ಮುಂದಿನ ವಾರದ ಸಭೆಯಲ್ಲಿ ಪ್ರತಿ ಸಂಘವೂ ಮೂರು ಕೆಲಸ ಮಾಡಲಿ. ಬಾಡಿಗೆ ಮನೆಯಲ್ಲಿರುವ ಸದಸ್ಯೆಯರು ಎಷ್ಟು, ಅವರಲ್ಲಿ ಕರಾರು ಪತ್ರ ಇರುವವರು ಎಷ್ಟು ಅಂತ ಪಟ್ಟಿ ಮಾಡಿ. ಯಾರ ಮನೆಯಲ್ಲಿ ಕಟ್ಟಡ ಕೆಲಸ ನಡೀತಾ ಇದೆಯೋ ಅಲ್ಲಿಗೆ ಇಬ್ಬರು ಹೋಗಿ ನೋಡಿ ಬನ್ನಿ. ಅಪಾಯ ಕಂಡರೆ ಆ ಸದಸ್ಯೆಯನ್ನು ಒಬ್ಬಳೇ ಮಾಲೀಕರ ಮುಂದೆ ಕಳಿಸಬೇಡಿ. ನಾಲ್ಕು ಜನ ಜೊತೆಗೆ ಹೋಗಿ, ಮರ್ಯಾದೆಯಿಂದ ಮಾತಾಡಿ, ಮಾತಾಡಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಒಬ್ಬಳು ಹೇಳಿದರೆ ದೂರು ಅಂತಾರೆ, ಸಂಘ ಹೇಳಿದರೆ ಕೇಳ್ತಾರೆ.